ಹೊಳೆ ಮೇಲಕ್ಕೆ ಹರಿದ ದಿನ

ಪಾಠ ಒಪ್ಪಿಸಬೇಡಿ, ಮಕ್ಕಳೇ ಪ್ರಶ್ನೆ ಕೇಳಿ ಉತ್ತರ ಹುಡುಕಿಕೊಳ್ಳಲಿ ಅಂತ ತರಬೇತಿಯಲ್ಲಿ ಹೇಳಿ ಕಳಿಸುತ್ತಾರೆ. ಹೇಳುವವರಿಗೇನು! ನಾಲ್ಕನೇ ಕ್ಲಾಸಿನ ಮುಂದೆ ನಿಲ್ಲುವವರು ನಾವು.

ನಮ್ಮದು ಹರಿಹರದ ಹತ್ತಿರದ ಹಳ್ಳಿ ಶಾಲೆ. ಇಲ್ಲಿ ಹೊಳೆ ಅಂದರೆ ತುಂಗಭದ್ರೆ, ಬೇರೆ ಹೆಸರು ಬೇಕಿಲ್ಲ. ಗೋಡೆ ಮೇಲಿನ ಕರ್ನಾಟಕ ನಕಾಶೆಯಲ್ಲಿ ಹೊಳೆಯ ದಾರಿ ತೋರಿಸಿ ಅಂದೆ. ಹುಡುಗಿಯೊಬ್ಬಳು ಗಂಗಾಮೂಲದಲ್ಲಿ ಬೆರಳಿಟ್ಟಳು. ಕೂಡಲಿಯಲ್ಲಿ ತುಂಗೆ, ಭದ್ರೆಯನ್ನು ಸೇರಿಸಿದಳು. ಹರಿಹರ ದಾಟಿ ಹಂಪಿ ಕಡೆ ಹೊರಟವಳು ತಟಕ್ಕನೆ ನಿಂತಳು.

"ಟೀಚರ್, ನೀರು ಮೇಲಕ್ಕೆ ಹೋಗತೈತಾ?"

ಗೋಡೆ ಮೇಲೆ ನೋಡಿದರೆ ಹೌದು! ಗಂಗಾಮೂಲ ಕೆಳಗೆ, ಹಂಪಿ ಮೇಲೆ.

"ಮೋಟ್ರು ಇಟ್ಟಿರ್ತಾರೆ" ಅಂದ ಹಿಂದೆ ಕೂತವನು.

"ಕರೆಂಟ್ ಹೋದ್ರೆ?"

"ಅದಕ್ಕೇ ಮಳೆಗಾಲದಾಗೆ ನಮ್ಮ ಗದ್ದೆಗೆ ನೀರು ನುಗ್ಗೋದು."

ಇಡೀ ಕ್ಲಾಸು ಒಪ್ಪಿಕೊಂಡಿತು. ನಮ್ಮೂರಿನ ಕರೆಂಟು ನೋಡಿದವರು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ.

ನಕಾಶೆ ಇಳಿಸಿ ಜಗಲಿಗೆ ತಂದೆವು. ನೆಲಕ್ಕೆ ಹಾಸಿ ಉತ್ತರವನ್ನು ಉತ್ತರಕ್ಕೇ ತಿರುಗಿಸಿದರೆ ಮೇಲೆ ಕೆಳಗಿನ ತಕರಾರೇ ಇರುವುದಿಲ್ಲ. ಉತ್ತರ ಯಾವ ಕಡೆ? ಕೋಲು ನೆಡಿ, ನಡುಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಅಂತ ತರಬೇತಿಯ ಹಾಳೆಯಲ್ಲಿತ್ತು. ನೆಟ್ಟೆವು. ಹೆಬ್ಬೆರಳಿನಷ್ಟು ನೆರಳು ಬಿತ್ತು. ಹಾಳೆಯ ಲೆಕ್ಕದಲ್ಲಿ ಬೆಂಗಳೂರು ಹುಬ್ಬಳ್ಳಿ ಕಡೆ ಹೊರಟಿತ್ತು!

"ಈಶ್ವರನ ಗುಡಿ ಬಾಗಿಲು ಪೂರ್ವಕ್ಕೆ ಐತಲ್ಲ ಟೀಚರ್, ಕೋಲು ಸುಳ್ಳು ಹೇಳತೈತಿ" ಅಂದ ಪೂಜಾರರ ಹುಡುಗ.

ಪಾಪ, ಕೋಲಿನದೇನೂ ತಪ್ಪಿಲ್ಲ. ಆಗ ಜೂನ್ ತಿಂಗಳು. ದೆಹಲಿಯಲ್ಲಾದರೆ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ. ನಾವಿರುವುದು 14 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಶಾಲೆ ಶುರುವಾಗುವ ತಿಂಗಳಲ್ಲೇ ಕೈಕೊಡುವ ಪ್ರಯೋಗವನ್ನು ಶಾಲೆಗೇ ಕಳಿಸುವವರಿಗೆ ಏನು ಹೇಳೋಣ?

ಈಶ್ವರನನ್ನು ನಂಬಿ ನಕಾಶೆ ತಿರುಗಿಸಿದೆವು. ಹುಡುಗಿ ಸುಮ್ನೆ ಕೂರಲಿಲ್ಲ. "ಘಟ್ಟ ಎತ್ತರ ಅಲ್ವಾ?" ಅಂತ ಎಲ್ಲರ ಬ್ಯಾಗು ತಂದು ನಕಾಶೆಯ ಪಶ್ಚಿಮದ ಅಂಚಿನುದ್ದಕ್ಕೂ ಅಡಿಗೆ ತುರುಕಿದಳು. ಪ್ಲಾಸ್ಟಿಕ್ ನಕಾಶೆ, ಸಹ್ಯಾದ್ರಿ ಎದ್ದು ನಿಂತಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಬಿಸಿಯೂಟದ ಕೋಣೆಯಿಂದ ಬಿಂದಿಗೆಯನ್ನೇ ಹೊತ್ತು ತಂದು ಗಂಗಾಮೂಲಕ್ಕೆ ಸುರಿದರು.

ಸ್ವಲ್ಪ ನೀರು ಮಂಗಳೂರು ಕಡೆ ಇಳಿಯಿತು. ಜಾಸ್ತಿ ಪಾಲು ಹರಿಹರ ಮುಳುಗಿಸಿ, ಹಂಪಿ ದಾಟಿ ಮುಂದಕ್ಕೆ ಹೋಯಿತು. ಮಕ್ಕಳು ಕುಣಿದರು. ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗಬೇಕಿದ್ದ ನೀರು ಜಗಲಿಯ ಪೂರ್ವಕ್ಕಿದ್ದ ಆಫೀಸ್ ರೂಮಿಗೆ ನುಗ್ಗಿತು. ಹೆಡ್ ಮೇಷ್ಟ್ರು ಹಾಜರಿ ಪುಸ್ತಕ ಎತ್ತಿ ಹಿಡಿದು ಬಾಗಿಲಿಗೆ ಬಂದರು.

"ಯಾರೋ ನೀರು ಚೆಲ್ಲಿದ್ದು?"

"ನಾವಲ್ಲ ಸರ್, ಘಟ್ಟದಾಗೆ ಮಳೆ!"