ಪಿಲ್ಸೆನ್ ಬಿಯರ್ ಕಾರ್ಖಾನೆಯ ಮರದ ಪೀಪಾಯಿಗಳು

ಹಳೇ ಕಾರ್ಖಾನೆಗಳನ್ನು ನೋಡೋದು ಅಂದರೆ ನನಗೆ ಕೋಟೆ, ಅರಮನೆ ನೋಡಿದಷ್ಟೇ ಖುಷಿ. ಅವುಗಳಲ್ಲಿ ಮನಸ್ಸಿನಿಂದ ಹೋಗದೇ ಉಳಿದದ್ದು ಚೆಕ್ ದೇಶದ ಪಿಲ್ಸೆನ್ ಊರಿನ ಪಿಲ್ಸ್ನರ್ ಉರ್ಕ್ವೆಲ್ ಬಿಯರ್ ಕಾರ್ಖಾನೆ. ಕುಡಿಯೋದು ಬಿಡೋದು ಅವರವರಿಗೆ ಬಿಟ್ಟದ್ದು. ಕುಡಿಯದವರೂ ನೋಡಬೇಕಾದ ಜಾಗ ಇದು ಅಂತ ನಾನು ಹೇಳುತ್ತೇನೆ.

ಇದರ ಕಥೆ ಶುರುವಾಗೋದೇ ಸಿಟ್ಟಿನಿಂದ. ಊರಿನ ಬಿಯರ್ ಪದೇಪದೇ ಕೆಡುತ್ತಿತ್ತು. 1838ರಲ್ಲಿ ರೋಸಿಹೋದ ಜನ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಸುರಿದುಬಿಟ್ಟರು. ಬಿಯರ್ ಮಾಡುವ ಹಕ್ಕು ಪಡೆದಿದ್ದ ಊರವರೇ ಆಮೇಲೆ ಒಟ್ಟು ಸೇರಿ ಹೊಸ ಕಾರ್ಖಾನೆ ಕಟ್ಟಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕಸುಬುದಾರನನ್ನು ಕರೆಸಿದರು. ಆತ 1842ರ ಅಕ್ಟೋಬರ್ 5ರಂದು ಮೊದಲ ಹಂಡೆ ಇಟ್ಟ. ಊರಿನ ಮೆದು ನೀರು, ಮೊಳಕೆ ಬರಿಸಿ ಹದವಾಗಿ ಒಣಗಿಸಿದ ತಿಳಿಬಣ್ಣದ ಬಾರ್ಲಿ (ಇದೇ ಮಾಲ್ಟ್), ಚೆಕ್ ದೇಶದ್ದೇ ಝಾಟೆಟ್ಸ್ ಕಡೆಯ ಹಾಪ್ಸ್ ಎಂಬ ಕಹಿ ಹೂವು, ತಂಪಿನಲ್ಲಿ ಕೆಲಸ ಮಾಡುವ ಯೀಸ್ಟ್ ಸೇರಿ ಹೊನ್ನಿನ ಬಣ್ಣದ ತಿಳಿ ಬಿಯರ್ ಬಂತು. ಇವತ್ತು ಬೆಂಗಳೂರಿನ ಬಾರುಗಳಲ್ಲಿ ಸಿಗುವ ಮಾಮೂಲಿ ಲಾಗರ್ ಬಿಯರ್ ಕೂಡ ಇದೇ ವಂಶದ್ದು.

ಗೈಡ್ ಮೊದಲು ತಾಮ್ರದ ಹಂಡೆಗಳ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ನೆನೆಸಿದ ಮಾಲ್ಟಿನ ಒಂದು ಪಾಲನ್ನು ತೆಗೆದು, ಬೇರೆಯಾಗಿ ಕುದಿಸಿ, ಮತ್ತೆ ಅದಕ್ಕೇ ಸೇರಿಸುತ್ತಾರೆ. ಹೀಗೆ ಮೂರು ಸಲ. ಸಮಯ, ಇಂಧನ ಎರಡೂ ಜಾಸ್ತಿ ಬೇಕು. ಆದರೂ ಬಿಟ್ಟಿಲ್ಲ.

ಆದರೆ ನನ್ನ ಮನಸ್ಸು ಗೆದ್ದದ್ದು ನೆಲಮಾಳಿಗೆ. ಸುಮಾರು 9 ಕಿಲೋಮೀಟರ್ ಸುರಂಗಗಳಿವೆ. ಬೇಸಿಗೆಯಲ್ಲೂ ಒಳಗೆ ಚಳಿ. ಓಕ್ ಮರದ ದೊಡ್ಡ ಪೀಪಾಯಿಯಿಂದ ನೇರವಾಗಿ, ಸೋಸದ ಬಿಯರನ್ನು ಲೋಟಕ್ಕೆ ಹಿಡಿದು ಕೊಡುತ್ತಾರೆ. ಅಂಗಡಿಯ ಬಾಟಲಿಗಿಂತ ತುಸು ಮಬ್ಬು, ರುಚಿ ಇನ್ನೂ ತುಂಬಿಕೊಂಡಂತೆ.

1990ರ ದಶಕದಲ್ಲಿ ಇಲ್ಲಿನ ಬಿಯರ್ ಹುದುಗಿಸುವ ಕೆಲಸ ಉಕ್ಕಿನ ಟ್ಯಾಂಕುಗಳಿಗೆ ಹೋಯಿತು. ಹಾಗಿದ್ದರೂ ಒಂದಿಷ್ಟನ್ನು ಈಗಲೂ ಹಳೇ ಪದ್ಧತಿಯಲ್ಲೇ ನೆಲಮಾಳಿಗೆಯಲ್ಲಿ ಹುದುಗಿಸುತ್ತಾರೆ. ಸುಮ್ನೆ ಪ್ರವಾಸಿಗರಿಗೆ ತೋರಿಸಲು ಅಲ್ಲ. ಟ್ಯಾಂಕಿನ ಬಿಯರ್ ಸರಿಯಾಗಿದೆಯೇ ಅಂತ ಮರದ ಪೀಪಾಯಿಯದರ ಜೊತೆ ರುಚಿ ನೋಡಿ ತಾಳೆ ಹಾಕುತ್ತಾರೆ. ಅದಕ್ಕಾಗಿ ಪೀಪಾಯಿ ಮಾಡುವ ಬಡಗಿಗಳು ಇನ್ನೂ ಕೆಲಸದಲ್ಲಿದ್ದಾರೆ. ಮರದ ರುಚಿ ಬಿಯರಿಗೆ ಹತ್ತದಂತೆ ಒಳಗಡೆ ರಾಳ ಬಳಿಯುವುದೂ ಅವರ ಕೆಲಸವೇ.

ಹಳೆಯದನ್ನು ಗೌರವಿಸೋದು ಅಂದರೆ ಇದು ಅಲ್ವಾ? ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕುವ ಬದಲು ಅದಕ್ಕೊಂದು ಕೆಲಸ ಕೊಟ್ಟಿದ್ದಾರೆ. ಕಾರ್ಖಾನೆ ಸರ್ಕಾರದ ವಶಕ್ಕೆ ಹೋಯಿತು, 1999ರಲ್ಲಿ ದಕ್ಷಿಣ ಆಫ್ರಿಕಾದ ಕಂಪನಿಗೆ, 2017ರಲ್ಲಿ ಜಪಾನಿನ ಅಸಾಹಿಗೆ ಹೋಯಿತು. ಯಜಮಾನರು ಬದಲಾದರೂ ಪೀಪಾಯಿಗಳು ನೆಲಮಾಳಿಗೆಯಲ್ಲೇ ಇವೆ.

ನಮ್ಮಲ್ಲೂ ಇಂಥದ್ದು ಬೇಕು ಅಂತ ನನಗೆ ತುಂಬಾ ಆಸೆ. ಬೆಂಗಳೂರಿನ ಯುಬಿ ಸಿಟಿ ಇರುವಲ್ಲಿ ಹಿಂದೆ ಬ್ರೂವರಿ ಇತ್ತು. ಅದನ್ನು ಇನ್ನು ತರಲಾಗದು. ಆದರೆ ಉಳಿದಿರುವವು ಎಷ್ಟೊಂದಿವೆ! ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಹೋದವರು ಮಗ್ಗಗಳ ಸದ್ದು ಮರೆಯುವುದಿಲ್ಲ. ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವ ಮೈಸೂರು ಪೇಂಟ್ಸ್ ಕಾರ್ಖಾನೆ 1937ರದ್ದು. ಗಂಧದ ಸಾಬೂನಿನ ಕಾರ್ಖಾನೆಗೆ ನೂರು ವರ್ಷ ದಾಟಿದೆ. ಪ್ರತಿ ಶನಿವಾರ ಒಂದೊಂದು ತಂಡವನ್ನು ಒಳಗೆ ಬಿಟ್ಟು, ಅಲ್ಲೇ ದುಡಿದು ನಿವೃತ್ತರಾದವರನ್ನೇ ಗೈಡ್ ಮಾಡಲಿ. ಶಾಲೆ ಮಕ್ಕಳನ್ನು ಮೊದಲು ಕರೆಯಲಿ.

ಯುರೋಪಿನಲ್ಲಿರುವ ಗೆಳೆಯರೇ, ಪ್ರಾಗ್‌ಗೆ ಹೋದರೆ ಒಂದು ದಿನ ಪಿಲ್ಸೆನ್‌ಗೆ ಇಡಿ. ರೈಲು ಸಿಗುತ್ತದೆ, ನಿಲ್ದಾಣದಿಂದ ನಡೆದೇ ಹೋಗಬಹುದು. ಇಂಗ್ಲಿಷ್ ಗೈಡ್ ಇರುವ ಟಿಕೆಟನ್ನು ಮೊದಲೇ ಬುಕ್ ಮಾಡಿಕೊಳ್ಳಿ, ಸ್ವೆಟರ್ ಜೊತೆಗಿರಲಿ.