ಪದಕ ಅವಳದು, ಓಟಿಪಿ ನಮ್ಮದು

ವಿಜಯಪುರದಲ್ಲಿ ಈಗ ಯಾರನ್ನು ಮಾತಾಡಿಸಿದರೂ ಕ್ರೀಡಾಪ್ರೇಮಿ. ಮೊನ್ನೆವರೆಗೂ ಹೀಗಿರಲಿಲ್ಲ. ಟಿವಿಯವರ ರಾಷ್ಟ್ರೀಯ ಕ್ರೀಡಾ ಪ್ರಶಸ್ತಿಯ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ತಾಂಡಾದ ಹುಡುಗಿಯೊಬ್ಬಳ ಹೆಸರು ಬಂತು ನೋಡಿ, ಅಲ್ಲಿಂದ ಶುರು. ಗೆದ್ದವರು ಯಾರು ಅಂತ ತೀರ್ಮಾನಿಸೋದು ಜನ, ಅದೂ ಮೊಬೈಲ್‌ನಲ್ಲಿ. ಸಂಜೆಯೊಳಗೆ ಗಾಂಧಿ ಚೌಕದ ಚಹಾದಂಗಡಿಯಲ್ಲಿ ವೋಟಿಂಗ್ ಸಮಿತಿ ಹುಟ್ಟಿತು. ಒಬ್ಬ ಅಧ್ಯಕ್ಷರು, ಒಬ್ಬ ಗೌರವಾಧ್ಯಕ್ಷರು, ಮೂವರು ಉಪಾಧ್ಯಕ್ಷರು. ಬರೀ ಸದಸ್ಯರಾಗಲು ಯಾರೂ ಒಪ್ಪದ ಕಾರಣ ಸದಸ್ಯರಿಲ್ಲ.

"ಹುಡುಗಿ ಯಾವ ಆಟ ಆಡ್ತಾಳ್ರಿ ಅಧ್ಯಕ್ಷರ?" ಅಂದೆ.

"ಯಾವುದರ ಇರ್ಲಿ ಬಿಡ್ರಿ. ನಮ್ಮ ಊರಾಕಿ ಹೌದಲ್ರಿ?"

ಲೋಟ ತೊಳೆಯುತ್ತಿದ್ದ ಹುಡುಗ ಅಲ್ಲಿಂದಲೇ ಹೇಳಿದ: "ಸೈಕಲ್ ರೀ. ದಿನಾ ಮುಂಜಾನೆ ಸೋಲಾಪುರ ರೋಡಿನ್ಯಾಗ ಹೊಡೀತಾಳ."

ಅಧ್ಯಕ್ಷರಿಗೆ ಥಟ್ಟನೆ ಹೊಳೆಯಿತು. "ಓ, ಆಕಿನಾ? ಎಷ್ಟು ಹಾರ್ನ್ ಹೊಡದ್ರೂ ದಾರಿ ಬಿಡೂದಿಲ್ಲ ನೋಡ್ರಿ ಆಕಿ!"

ಒಂದು ನಂಬರಿಗೆ ಒಂದೇ ವೋಟು. ಹಾಗಾಗಿ ಸಮಿತಿ ಮನೆಮನೆ ಹತ್ತಿತು. ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು, ಪೊಲೀಸರು ವರ್ಷಗಟ್ಟಲೆ ಬಾಯಿ ಬಡಿದುಕೊಂಡರು. ಸಮಿತಿಯವರು ಅದನ್ನು ಎರಡೇ ದಿನದಲ್ಲಿ ಮರೆಸಿದರು. ನಮ್ಮ ಓಣಿಯ ಅಜ್ಜಿ ಬಾಗಿಲಲ್ಲೇ ಕೂತು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಂಕಿ ಓದಿದರು. ಆರೂ ಮುಗಿದ ಮೇಲೆ, "ವೃದ್ಧಾಪ್ಯದ ಪಗಾರ ಈ ತಿಂಗಳೇ ಬರ್ತೈತೇನೋ ತಮ್ಮಾ?" ಅಂದರು. ಉಪಾಧ್ಯಕ್ಷರು "ಹೂಂ" ಅಂದು ಮುಂದಿನ ಮನೆಗೆ ಹೋದರು.

ನಮ್ಮವರನ್ನಷ್ಟೇ ಯಾಕೆ ಬೈಯಬೇಕು? ಈ ಹುಚ್ಚಿಗೆ ಬ್ರಿಟನ್‌ನವರು ನಮಗಿಂತ ಹಿರಿಯರು. ಬಿಬಿಸಿ ತನ್ನ ವರ್ಷದ ಕ್ರೀಡಾ ವ್ಯಕ್ತಿ ಪ್ರಶಸ್ತಿಯನ್ನು 1954ರಿಂದ ಕೊಡುತ್ತಿದೆ. 1991ರಲ್ಲಿ ಗಾಳ ಹಾಕುವವರ ಪತ್ರಿಕೆಯೊಂದು ಬಾಬ್ ನಡ್ ಎಂಬ ಮೀನು ಹಿಡಿಯುವ ಚಾಂಪಿಯನ್ ಪರ ಓದುಗರನ್ನು ಎಬ್ಬಿಸಿತು. ದಿನವಿಡೀ ನೀರು ನೋಡುತ್ತಾ ಕೂರುವ ತಾಳ್ಮೆ ಇರುವವರಿಗೆ ಚೀಟಿ ತುಂಬುವುದು ಯಾವ ಲೆಕ್ಕ? ವೋಟು ರಾಶಿ ಬಿತ್ತು. ಬಿಬಿಸಿ ಗಾಬರಿಯಾಗಿ ಆ ವೋಟುಗಳನ್ನು ಪಕ್ಕಕ್ಕಿಟ್ಟು, ಆ ವರ್ಷ 10,000 ಮೀಟರ್ ಓಟದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಲಿಜ್ ಮೆಕೋಲ್ಗನ್‌ಗೆ ಪ್ರಶಸ್ತಿ ಕೊಟ್ಟಿತು. ಜನರ ತೀರ್ಪೇ ಅಂತಿಮ, ಜನ ಸರಿಯಾಗಿ ತೀರ್ಪು ಕೊಟ್ಟರೆ ಮಾತ್ರ! ಅದೇ ಪ್ರಶಸ್ತಿಯನ್ನು 1971ರಲ್ಲಿ ರಾಜಕುಮಾರಿ ಆ್ಯನ್, 2006ರಲ್ಲಿ ಅವರ ಮಗಳು ಜಾರಾ ಪಡೆದರು. ಇಬ್ಬರೂ ಕುದುರೆ ಸವಾರರು, ಆಟದಲ್ಲಿ ಗೆದ್ದವರೇ, ಇಲ್ಲ ಅನ್ನಲ್ಲ. ಆದರೆ ತಾಯಿ ಗೆದ್ದ ಕ್ಷೇತ್ರ ಮಗಳಿಗೂ ಒಲಿಯಿತು ಅಂದರೆ ನಮ್ಮ ಕಡೆಯ ಮತದಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವೂ ಕಡಿಮೆಯವರಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಹಾಕಿ ಚಿನ್ನ ಬೆಲ್ಜಿಯಂಗೆ, ಕಂಚು ನಮಗೆ. ನಮ್ಮ ಮಹಿಳೆಯರು ನಾಲ್ಕನೆಯವರು. ಎರಡು ತಿಂಗಳ ನಂತರ ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ನಿನ ವರ್ಷದ ಪ್ರಶಸ್ತಿ ಬಂದವು. ಎಂಟಕ್ಕೆ ಎಂಟೂ ಭಾರತಕ್ಕೆ! ಆಟಗಾರರು, ಗೋಲ್‌ಕೀಪರ್‌ಗಳು, ಉದಯೋನ್ಮುಖರು, ಕೋಚ್‌ಗಳು, ಎಲ್ಲ ನಮ್ಮ ತಂಡದವರೇ. ದೇಶಗಳ ಸಂಘಗಳ, ಪತ್ರಕರ್ತರ ವೋಟಿನ ಜೊತೆ ಅಭಿಮಾನಿಗಳ ವೋಟೂ ಅದರಲ್ಲಿ ಸೇರಿತ್ತು. ಚಿನ್ನ ಗೆದ್ದು ಬರಿಗೈಯಲ್ಲಿ ಉಳಿದ ಬೆಲ್ಜಿಯಂನವರು ಇದು ನಮಗೆ ಅರ್ಥವಾಗ್ತಿಲ್ಲ ಅಂತ ಬಹಿರಂಗವಾಗಿಯೇ ಅತ್ತುಕೊಂಡರು. ಇದರಲ್ಲಿ ಅರ್ಥವಾಗದ್ದು ಏನಿದೆ? ಅವರ ದೇಶದ ಒಟ್ಟು ಜನ ಒಂದು ಕೋಟಿ ಚಿಲ್ಲರೆ. ನಮ್ಮಲ್ಲಿ ಬರೀ ಗುಡ್ ಮಾರ್ನಿಂಗ್ ಫಾರ್ವರ್ಡ್ ಮಾಡಲು ಅದಕ್ಕಿಂತ ಜಾಸ್ತಿ ಜನ ಬೆಳಿಗ್ಗೆ ಏಳ್ತಾರೆ.

ಹಾಗಂತ ವೋಟು ಬೇಡ, ತಿಳಿದವರ ಸಮಿತಿ ಆರಿಸಲಿ ಅನ್ನೋಣವೇ? ಶೂಟರ್ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್ ಒಂದರಲ್ಲೇ ಎರಡು ಕಂಚು ತಂದರು. ಆ ವರ್ಷದ ಖೇಲ್ ರತ್ನಕ್ಕೆ ಮೊದಲು ಹರಿದಾಡಿದ ಹೆಸರುಗಳಲ್ಲಿ ಅವರೇ ಇರಲಿಲ್ಲ. ಗದ್ದಲ ಎದ್ದಾಗ ತಿಳಿದದ್ದು ಏನಪ್ಪಾ ಅಂದರೆ, ತಕರಾರು ಗುರಿಯದ್ದಲ್ಲ, ಅರ್ಜಿಯದ್ದು. ಕೊನೆಗೆ ಪ್ರಶಸ್ತಿ ಬಂತು ಬಿಡಿ. ಇಡೀ ದೇಶ ಟಿವಿಯಲ್ಲಿ ನೋಡಿದ ಪದಕವನ್ನೂ ನಿಗದಿತ ನಮೂನೆಯಲ್ಲಿ ತುಂಬಿ ಕೊಡಬೇಕು.

ಇಷ್ಟೆಲ್ಲ ಆದ ಮೇಲೆ ಸಮಿತಿಯ ಮುಂದೆ ನಾನೊಂದು ಸಲಹೆ ಇಟ್ಟೆ. ಬರುವ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲೂ ಇದನ್ನೇ ತರೋಣ. ಜಂಗಿ ನಿಕಾಲಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದವನು ಸೋತ ಅನ್ನೋದು ಬಹಳ ಹಳೆಯ ಪದ್ಧತಿ. ಕೆಳಗೆ ಬಿದ್ದವನ ಊರು ದೊಡ್ಡದು, ಮೇಲೆ ಕೂತವನದು ಸಣ್ಣ ಹಳ್ಳಿ. ಮಿಸ್ಡ್ ಕಾಲ್ ಎಣಿಸಿ ಕೆಳಗಿನವನ ಕೈ ಎತ್ತಿಬಿಡೋಣ. ಭಾರ ಎತ್ತುವ ಸ್ಪರ್ಧೆ ಇನ್ನೂ ಸುಲಭ. ಪೈಲ್ವಾನ ಸಂಗ್ರಾಣಿ ಕಲ್ಲಿಗೆ ಕೈ ಮುಗಿದು ಪಕ್ಕದಲ್ಲಿ ನಿಂತರೆ ಸಾಕು. ಕಲ್ಲು ಇದ್ದಲ್ಲೇ ಇರುತ್ತದೆ. ಎತ್ತಿದ್ದಾನೆ ಅಂತ ಬಹುಮತ ಬಂದರೆ ಎತ್ತಿದ ಹಾಗೆಯೇ. ಕಣ್ಣಾರೆ ನೋಡಿದವರು ತಕರಾರು ಎತ್ತಿದರೆ, ನಿಮ್ಮದು ಒಂದೇ ವೋಟು, ಕೂತ್ಕೊಳ್ರಿ ಅನ್ನಬಹುದು.

ಅಧ್ಯಕ್ಷರು ತಮಾಷೆ ಅಂದುಕೊಳ್ಳಲಿಲ್ಲ. ಡೈರಿಯಲ್ಲಿ ಬರೆದುಕೊಂಡರು.

ನಮ್ಮೂರಿನ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ದಾಟಿಸಿದ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಊರಿಗೆ ಬಂದಾಗ ಕಾರು ಕೊಡ್ತೀವಿ ಅಂದರು. ಕಾರು ಬೇಡ, ಮನೆ ಬೇಕು ಅಂದರು ಆಕೆ. ಅದನ್ನು ಆಗ ವೋಟಿಗೆ ಹಾಕಿದ್ದರೆ ಕಾರೇ ಗೆಲ್ಲುತ್ತಿತ್ತು, ಅನುಮಾನವೇ ಇಲ್ಲ. ಕೀಲಿ ಕೊಡುವ ಫೋಟೊದಲ್ಲಿ ಬಾನೆಟ್ ಸುತ್ತ ಹದಿನೈದು ಜನ ಆರಾಮಾಗಿ ನಿಲ್ಲಬಹುದು. ಮನೆಗೆ ಅಡಿಪಾಯ ಬೀಳುವ ತನಕ ಯಾರು ಕಾಯ್ತಾರೆ?

ಈ ಸೈಕಲ್ ಹುಡುಗಿಯನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ. ಸಮಿತಿಯ ವಾಟ್ಸಾಪ್ ಗ್ರೂಪಿಗೆ ಅವಳನ್ನು ಸೇರಿಸಿದ್ದೂ ವೋಟಿಂಗ್ ಮುಗಿಯಲು ಎರಡು ದಿನ ಇದ್ದಾಗ. ಹೂಗುಚ್ಛ, ಚಪ್ಪಾಳೆ, ಧ್ವಜ, ಎಲ್ಲ ಬಂದವು. ಅವಳು ಕೈ ಮುಗಿದ ಚಿತ್ರ ಹಾಕಿ ಕೆಳಗೆ ಬರೆದಳು: "ಕಾಕಾರ, ಹಿಂದಿನ ಟೈರ್ ಸವದೈತ್ರಿ. ಮುಂದಿನ ತಿಂಗಳ ರೇಸ್ ಐತಿ. ಏನರ ಸಹಾಯ ಆದ್ರ ಛಲೋ ಆಗ್ತಿತ್ರಿ."

ಐದೇ ನಿಮಿಷದಲ್ಲಿ ಇಬ್ಬರು ಉಪಾಧ್ಯಕ್ಷರು ಗ್ರೂಪ್ ಬಿಟ್ಟರು. ಗೌರವಾಧ್ಯಕ್ಷರು ಧ್ವಜವನ್ನು ಮತ್ತೊಮ್ಮೆ ಕಳಿಸಿದರು. ಅಧ್ಯಕ್ಷರು ಜವಾಬ್ದಾರಿ ಇರುವ ಮನುಷ್ಯ, ಹಾಗೆಲ್ಲ ತಪ್ಪಿಸಿಕೊಳ್ಳುವವರಲ್ಲ. ಟೈರ್ ಕೊಡಿಸಬೇಕೇ ಬೇಡವೇ ಅಂತ ಗ್ರೂಪಿನಲ್ಲೇ ಒಂದು ಪೋಲ್ ಹಾಕಿದ್ದಾರೆ. ಕೊನೆಯ ದಿನಾಂಕ ರೇಸ್ ಮುಗಿದ ಮರುದಿನ.