ಮಾರಿಕಣಿವೆ ಕೋಡಿ ಬಿದ್ದ ವರ್ಷ ಹುಟ್ಟಿದ ತಾತ

ತಾತನ ಕೈಲಾಸ ಸಮಾರಾಧನೆಗೆ ಫ್ಲೆಕ್ಸ್ ಮಾಡಿಸೋಕೆ ಹಿರಿಯೂರಿಗೆ ಹೋಗಿದ್ದೆ. "ಜನನ ಯಾವತ್ತು ಅಣ್ಣ?" ಅಂತ ಅಂಗಡಿ ಹುಡುಗ ಕೇಳಿದ. ಆಧಾರ್ ಕಾರ್ಡ್ ತೆಗೆದೆ. 01-01-1940. ಯಾರೋ ಮುಖ ನೋಡಿ ಅಂದಾಜಿಗೆ ಬರೆದುಕೊಂಡಿದ್ದು. ತಾತ ಮಾತ್ರ ಕೊನೆವರೆಗೂ ಹೇಳುತ್ತಿದ್ದದ್ದು ಒಂದೇ ಲೆಕ್ಕ: "ಮಾರಿಕಣಿವೆ ಕೋಡಿ ಬಿದ್ದ ವರ್ಷ ಹುಟ್ಟಿದೋನು ನಾನು."

ಮಾರಿಕಣಿವೆ ಅಂದ್ರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ್ದು. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. "ನೀನು ನೋಡಿದ್ಯಾ?" ಅಂದ್ರೆ, "ಅವ್ವನ ಮಡಿಲಲ್ಲಿದ್ದೆ, ಕಣ್ಣು ಬಿಟ್ಟಿದ್ದೆನೋ ಇಲ್ವೋ" ಅನ್ನುತ್ತಿದ್ದ.

ಸಾವಿನ ಮನೆಗೆ ಬಂದವರೆಲ್ಲ "ದೇವರಂಥ ಮನುಷ್ಯ, ತುಂಬು ಜೀವನ, ಅಳಬಾರದು" ಅಂದರು. ನನಗೆ ಸಿಟ್ಟು ಬಂತು. ವಯಸ್ಸಾದವರು ಹೋದರೆ ಅಳೋಕೂ ಬಿಡಲ್ಲ ನಮ್ಮ ಜನ. ಇನ್ನು ದೇವರ ಮಾತು. ತಾತ ದೇವರೇನಲ್ಲ, ಮಹಾ ಹಟಮಾರಿ. ನಮ್ಮಮ್ಮನನ್ನು ಏಳನೇ ಕ್ಲಾಸಿಗೆ ಬಿಡಿಸಿ ಮನೆಯಲ್ಲಿ ಕೂರಿಸಿದ. ಮಾವಂದಿರು ಬೇಡ ಬೇಡ ಅಂದರೂ ನಾಲ್ಕು ಬೋರ್ ಕೊರೆಸಿದ. ಮೂರರಲ್ಲಿ ಬರೀ ಧೂಳು. ಆ ಸಾಲಕ್ಕೆ ಎರಡೆಕರೆ ಹೋಯಿತು. 2016ರ ಬರದಲ್ಲಿ ತೋಟದ ತೆಂಗು ಸುಳಿ ಒಣಗಿ ಬೋಳು ಕಂಬಗಳಾಗಿ ನಿಂತಾಗಲೂ ಕಡಿಸಲಿಲ್ಲ. ದಿನಾ ಬೆಳಗ್ಗೆ ಪೇಪರ್ ಬಂದ ತಕ್ಷಣ ಒಂದೇ ಪ್ರಶ್ನೆ: "ಡ್ಯಾಮ್ ಎಷ್ಟು ಅಡಿ ಐತೆ ನೋಡೋ."

2022ರ ಸೆಪ್ಟೆಂಬರ್‌ನಲ್ಲಿ ಡ್ಯಾಮ್ ತುಂಬಿತು. 89 ವರ್ಷದ ಮೇಲೆ! ಜಾತ್ರೆ ಥರ ಜನ. ತಾತನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಜನ ಸೆಲ್ಫಿ ತೆಗೆಯುತ್ತಿದ್ದರೆ ಈತ ನನ್ನ ಹೆಗಲು ಹಿಡಿದು, ಕೋಡಿ ನೀರು ಹರಿಯೋ ಹಳ್ಳದ ಅಂಚಿಗೆ ಇಳಿದ. ಹೆಗಲ ಮೇಲಿನ ಟವೆಲ್ ಅದ್ದಿದ. ಹಿಂಡಲಿಲ್ಲ. ಹಾಗೇ ತಲೆಗೆ ಸುತ್ತಿಕೊಂಡ. ನೀರು ಕಿವಿ ಮೇಲಿಂದ ಇಳಿದು ಅಂಗಿಯೆಲ್ಲ ತೊಯ್ದು ಹೋಯಿತು. "ನನ್ನ ವಾರಗೆಯೋನು ಈಗ ಬಂದ ನೋಡು" ಅಂದ. ಮನೆಗೆ ಬರೋವರೆಗೂ ಟವೆಲ್ ಬಿಚ್ಚಲಿಲ್ಲ. ಆಮೇಲೆ ಮೂರು ದಿನ ನೆಗಡಿ, ಅಮ್ಮನ ಬೈಗುಳ ಬೇರೆ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅಷ್ಟೊತ್ತಿಗೆ ತಾತ ಹಾಸಿಗೆ ಹಿಡಿದಿದ್ದ. ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದೆ. "ಇದು ಹಳೇದು" ಅಂತ ಮುಖ ತಿರುಗಿಸಿದ. ನಂಬಲೇ ಇಲ್ಲ.

ಫ್ಲೆಕ್ಸ್ ಹುಡುಗನಿಗೆ "ಜನನ 1933 ಅಂತ ಅಷ್ಟೇ ಹಾಕಪ್ಪ" ಅಂದೆ. ಈಗ ಮರಣ ಪತ್ರದಲ್ಲಿ ತಾತನ ವಯಸ್ಸು 85, ಫ್ಲೆಕ್ಸ್ ಲೆಕ್ಕದಲ್ಲಿ 92. ಊಟಕ್ಕೆ ಬಂದಿದ್ದ ನೆಂಟರೊಬ್ಬರು, "ಯಾವುದಮ್ಮ ಸರಿ?" ಅಂತ ಕೇಳಿಯೇಬಿಟ್ಟರು.

ಅಮ್ಮ ಪಾಯಸ ಬಡಿಸುತ್ತಾ, "ಅನುಮಾನ ಇದ್ರೆ ಡ್ಯಾಮ್ ಹತ್ರ ಹೋಗಿ ಕೇಳ್ಕಂಡ್ ಬರ್ರಿ" ಅಂದಳು.